ಒಂದು ಫೈಬರ್, ಮೂರು ರೂಟರ್

ಮೊಬೈಲಿನಲ್ಲಿ ಎರಡು ವೈ-ಫೈ ಹೆಸರು ಕಂಡವೆಂದರೆ ಮನೆಯಲ್ಲಿ ಎರಡು ನೆಟ್‌ವರ್ಕ್ ಇವೆ ಎಂದು ಅರ್ಥವಲ್ಲ. ಹೆಸರು ಬೇರೆ, ಪಾಸ್‌ವರ್ಡ್ ಬೇರೆ ಇದ್ದರೂ ಒಳಗಡೆ ಎಲ್ಲರ ಮೊಬೈಲು, ಟಿವಿ, ಪ್ರಿಂಟರ್, ಕ್ಯಾಮೆರಾ ಒಂದೇ ಜಾಲದಲ್ಲಿ ಒಂದಕ್ಕೊಂದು ಕಾಣುವಂತೆ ಕೂತಿರಬಹುದು. ಎರಡನೆಯ ರೂಟರ್ ತಂದ ಬಹಳಷ್ಟು ಮನೆಗಳಲ್ಲಿ ಆಗಿರುವುದು ಇದೇ. ಜಾಲ ನಿಜವಾಗಿ ಬೇರೆಯಾಗಿದೆಯೇ ಎಂಬುದು ಆ ರೂಟರಿನ ಹಿಂಬದಿಯ ಯಾವ ಪೋರ್ಟಿಗೆ ಕೇಬಲ್ ಚುಚ್ಚಿದ್ದಾರೆ, ರೂಟರುಗಳು ಯಾವ ಕ್ರಮದಲ್ಲಿ ಸೇರಿವೆ ಎಂಬುದರ ಮೇಲೆ ನಿಂತಿದೆ.

ಎರಡನೆಯ ರೂಟರ್ ಬೇಕೆನಿಸುವುದಕ್ಕೆ ಎರಡು ಕಾರಣ. ಒಂದು, ಸಿಗ್ನಲ್ ಮುಟ್ಟದಿರುವುದು. ವಿಜಯಪುರದ ಹಳೆಯ ಓಣಿಗಳ ದಪ್ಪ ಕರಿಕಲ್ಲಿನ ಗೋಡೆ, ಹೊಸ ಮನೆಗಳ ಕಬ್ಬಿಣದ ಸರಳು ತುಂಬಿದ ಸ್ಲ್ಯಾಬ್, ಎರಡೂ ವೈ-ಫೈಗೆ ಅಡ್ಡಿ. ಇದಕ್ಕೆ ಬೇಕಾದದ್ದು ಅದೇ ಜಾಲದ ವಿಸ್ತರಣೆ. ಇನ್ನೊಂದು ಕಾರಣ, ಜನ ಮತ್ತು ಯಂತ್ರಗಳನ್ನು ಬೇರೆ ಇಡುವುದು. ನಗರದ ಅಂಚಿನಲ್ಲಿ, ಊರಿಗೆ ನೀರು ಕೊಡುವ ಕೆರೆಯಿಂದ ಹೆಸರಾದ ಭೂತನಾಳದಂಥ ಕಡೆ, ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು, ರಸ್ತೆಗೆ ಮುಖಮಾಡಿ ಒಂದು ಅಂಗಡಿ ಇರುವ ಮನೆಯನ್ನು ಊಹಿಸಿಕೊಂಡರೆ ಸಾಕು. ಮೂರಕ್ಕೂ ಒಂದೇ ಫೈಬರ್. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೂ ಮೇಲಿನ ಮನೆಯ ಹುಡುಗರ ಗೇಮಿಗೂ ಸಂಬಂಧವಿರಬಾರದು. ಈ ಎರಡು ಅಗತ್ಯಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಬೇರ್ಪಡಿಸುವಿಕೆ ಬರಿಯ ಅತಿ ಎಚ್ಚರಿಕೆಯಲ್ಲ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. 2017ರ ಜುಲೈನಲ್ಲಿ ಬಿಎಸ್ಎನ್ಎಲ್‌ನ ಕರ್ನಾಟಕ ವೃತ್ತದಲ್ಲಿ ಮಾಲ್‌ವೇರ್ ದಾಳಿಗೆ ಸಿಕ್ಕಿ ಸುಮಾರು 60 ಸಾವಿರ ಮೋಡೆಮ್‌ಗಳು ಸಂಪರ್ಕ ಕಳೆದುಕೊಂಡವು. ದಾಳಿಗೆ ಸಿಕ್ಕವು ತಯಾರಕರು ಕೊಟ್ಟ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದವು. ಅದಕ್ಕೂ ಹಿಂದಿನ ವರ್ಷ ಮಿರೈ ಎಂಬ ಮಾಲ್‌ವೇರ್ ಜಗತ್ತಿನಾದ್ಯಂತ ಮನೆಮನೆಯ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಇಂಥದೇ ಪಾಸ್‌ವರ್ಡುಗಳಿಂದ ವಶಮಾಡಿಕೊಂಡು, ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಲು ಬಳಸಿತ್ತು. ಅಗ್ಗದ ಕ್ಯಾಮೆರಾಕ್ಕೆ ವರ್ಷಗಟ್ಟಲೆ ಸಾಫ್ಟ್‌ವೇರ್ ಅಪ್‌ಡೇಟ್ ಬರುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಲ್ಯಾಪ್‌ಟಾಪು ಅದರ ಜೊತೆ ಒಂದೇ ಜಾಲದಲ್ಲಿ ಇರದಿರುವುದು ಒಳ್ಳೆಯದು.

ಇನ್ನು ಜೋಡಣೆ. ಕಂಪನಿಯವರು ಗೋಡೆಗೆ ಹಚ್ಚಿ ಹೋಗುವ ಡಬ್ಬಿಗೆ ಓಎನ್‌ಟಿ ಎಂದು ಹೆಸರು. ಜನ ಅದನ್ನು ಮೋಡೆಮ್ ಎಂದೇ ಕರೆಯುತ್ತಾರೆ. ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಅದರ ಮೂಲ ಕೆಲಸವಾದರೂ ಈಗಿನ ಡಬ್ಬಿಗಳಲ್ಲಿ ರೂಟರ್ ಮತ್ತು ವೈ-ಫೈ ಎರಡೂ ಸೇರಿರುತ್ತವೆ. ಅಂಗಡಿಯಿಂದ ತಂದ ರೂಟರಿನ ಹಿಂದೆ ಸಾಮಾನ್ಯವಾಗಿ ಒಂದು ವ್ಯಾನ್ ಪೋರ್ಟ್, ಎರಡರಿಂದ ನಾಲ್ಕು ಲ್ಯಾನ್ ಪೋರ್ಟ್ ಇರುತ್ತವೆ. ವ್ಯಾನ್ ಎಂದರೆ ಹೊರಗಿನ ಕಡೆ, ಲ್ಯಾನ್ ಎಂದರೆ ಮನೆಯ ಕಡೆ.

ಮೋಡೆಮಿನ ಲ್ಯಾನ್‌ನಿಂದ ಬಂದ ಕೇಬಲನ್ನು ಹೊಸ ರೂಟರಿನ ಲ್ಯಾನ್‌ಗೇ ಚುಚ್ಚಿ, ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ಬಂದ್ ಮಾಡಿದರೆ ಅದು ಆ್ಯಕ್ಸೆಸ್ ಪಾಯಿಂಟ್ ಆಗುತ್ತದೆ. ವಿಳಾಸ ಹಂಚುವ ಕೆಲಸ ಮೋಡೆಮಿನದೇ. ಹೊಸದು ಸಿಗ್ನಲನ್ನು ಮಾತ್ರ ಹರಡುತ್ತದೆ. ಸಿಗ್ನಲ್ ಸಾಲದವರಿಗೆ ಇದೇ ಸರಿ. ಅದೇ ಕೇಬಲನ್ನು ವ್ಯಾನ್‌ಗೆ ಚುಚ್ಚಿದರೆ ಹೊಸ ರೂಟರ್ ತನ್ನದೇ ಜಾಲ ಕಟ್ಟುತ್ತದೆ, ತನ್ನ ಹಿಂದಿನ ಉಪಕರಣಗಳಿಗೆ ತಾನೇ ವಿಳಾಸ ಕೊಡುತ್ತದೆ, ಅವುಗಳ ಪರವಾಗಿ ಒಂದೇ ವಿಳಾಸದಿಂದ ಹೊರಗೆ ಮಾತಾಡುತ್ತದೆ. ನ್ಯಾಟ್ ಎಂಬ ಈ ವ್ಯವಸ್ಥೆಯ ಅಡ್ಡಪರಿಣಾಮವಾಗಿ ಒಳಗಿನವರು ಕೇಳದೆ ಹೊರಗಿನಿಂದ ಏನೂ ಒಳಗೆ ಬರಲಾರದು.

ಹೀಗೆ ಜೋಡಿಸುವಾಗ ವಿಳಾಸದ ಸಾಲುಗಳು ಬೇರೆ ಇರಬೇಕು. ಖಾಸಗಿ ಜಾಲಗಳ ಬಳಕೆಗೆಂದು ಮೀಸಲಾದ ಮೂರು ವಿಳಾಸಗುಚ್ಛಗಳಲ್ಲಿ 192.168ರಿಂದ ಆರಂಭವಾಗುವುದು ಒಂದು. ಮೋಡೆಮ್ 192.168.1.1 ಆಗಿದ್ದರೆ ಎರಡನೆಯದಕ್ಕೆ 192.168.10.1, ಮೂರನೆಯದಕ್ಕೆ 192.168.20.1 ಎಂದು ಕೊಟ್ಟರಾಯಿತು. ಎರಡೂ ಕಡೆ ಒಂದೇ ಸಾಲು ಬಿದ್ದರೆ ಯಾವ ವಿಳಾಸ ಒಳಗಿನದು, ಯಾವುದು ಹೊರಗಿನದು ಎಂಬುದು ರೂಟರಿಗೆ ತಿಳಿಯದೆ ಇಂಟರ್ನೆಟ್ಟೇ ನಿಲ್ಲುತ್ತದೆ. ಕೆಲವು ರೂಟರುಗಳು ತಾವೇ ಸಾಲು ಬದಲಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಬಹಳ ಜನ ಎಡವುವ ಜಾಗ ಇನ್ನು ಮುಂದಿದೆ. ಮಾಲೀಕರು ಮೋಡೆಮಿನ ವೈ-ಫೈಯನ್ನೇ ಬಳಸುತ್ತ, ಅದರಿಂದ ಒಂದು ಕೇಬಲ್ ಎಳೆದು ಮೇಲಿನ ಬಾಡಿಗೆದಾರರ ರೂಟರಿನ ವ್ಯಾನ್‌ಗೆ ಕೊಟ್ಟರೆನ್ನಿ. ಜಾಲಗಳು ಎರಡಾದವು, ಹೆಸರುಗಳೂ ಎರಡು. ಆದರೆ ಗೋಡೆ ಎದ್ದಿರುವುದು ಬಾಡಿಗೆದಾರರ ಸುತ್ತ. ಮಾಲೀಕರ ಮೊಬೈಲಿಗೆ ಮೇಲಿನ ಮನೆಯ ಉಪಕರಣಗಳು ಕಾಣುವುದಿಲ್ಲ. ಮೇಲಿನ ಮನೆಯವರು ಮಾತ್ರ ಮಾಲೀಕರ ಕ್ಯಾಮೆರಾದ ಲಾಗಿನ್ ಪುಟವನ್ನು ಆರಾಮಾಗಿ ತೆರೆಯಬಹುದು. ಅವರ ರೂಟರಿನ ಲೆಕ್ಕದಲ್ಲಿ ಮಾಲೀಕರ ಜಾಲವೂ ‘ಹೊರಗಿನ ಇಂಟರ್ನೆಟ್’ನ ಒಂದು ಭಾಗ. ಒಂದರ ಹಿಂದೊಂದು ರೂಟರ್ ಕಟ್ಟಿದಾಗ ಒಳಗಿನದು ಹೊರಗಿನದನ್ನು ಕಾಣುತ್ತದೆ, ಹೊರಗಿನದು ಒಳಗಿನದನ್ನು ಕಾಣದು. ಕಾಪಾಡಬೇಕಾದದ್ದು ಯಾವಾಗಲೂ ಅತ್ಯಂತ ಒಳಗೆ ಇರಬೇಕು.

ಹಾಗಾದರೆ ಕ್ರಮ ತಿರುಗಿಸಿ ಮಾಲೀಕರನ್ನೇ ಒಳಗಿಟ್ಟರೆ? ವಾಸಿ, ಆದರೂ ಪೂರ್ತಿಯಲ್ಲ. ಒಳಗಿನ ರೂಟರಿನ ಎಲ್ಲ ಸಂಚಾರವೂ ಹೊರಗಿನ ಜಾಲವನ್ನು ಹಾದೇ ಹೋಗುತ್ತದೆ. ಆ ಜಾಲದಲ್ಲಿ ಸೋಂಕು ತಗುಲಿದ ಒಂದು ಉಪಕರಣವಿದ್ದರೆ ‘ನಾನೇ ಮೋಡೆಮ್’ ಎಂದು ಸುಳ್ಳು ಹೇಳಿ ನಡುವೆ ಕೂರಬಲ್ಲದು. ಆದ್ದರಿಂದ ಪಕ್ಕಾ ಜೋಡಣೆಗೆ ಮೂರು ಡಬ್ಬಿ ಬೇಕು. ಮೊದಲನೆಯದು ಮೋಡೆಮ್; ಅದರ ವೈ-ಫೈ ಬಂದ್ ಮಾಡಿ, ಬೇರೇನನ್ನೂ ಅದಕ್ಕೆ ಜೋಡಿಸದೆ ಬಿಡುವುದು. ಅದರ ಎರಡು ಲ್ಯಾನ್ ಪೋರ್ಟುಗಳಿಂದ ಎರಡು ಕೇಬಲ್ ಹೊರಟು ಎರಡು ರೂಟರುಗಳ ವ್ಯಾನ್‌ಗೆ ಸೇರುತ್ತವೆ. ಆದಿಲ್‌ಶಾಹಿ ಕಾಲದ ವಿಜಯಪುರದಲ್ಲಿ ತೊರವಿ, ಬೇಗಂ ತಾಲಾಬ್ ಕಡೆಯಿಂದ ಬಂದ ನೀರು ಗಂಜ್ ಎಂಬ ಗೋಪುರಗಳಲ್ಲಿ ಒತ್ತಡ ಇಳಿಸಿಕೊಂಡು ಊರೊಳಗೆ ಕವಲೊಡೆಯುತ್ತಿತ್ತು. ಮೋಡೆಮ್ ಇಲ್ಲಿ ಅಂಥದೊಂದು ಗಂಜ್, ಕವಲೊಡೆದ ಮೇಲೆ ಒಂದರದು ಇನ್ನೊಂದಕ್ಕಿಲ್ಲ. ಅಂಗಡಿಯನ್ನೂ ಬೇರೆ ಮಾಡಬೇಕೆಂದರೆ ಇನ್ನೊಂದು ಕವಲು. ಎರಡೂ ರೂಟರುಗಳಿಗೆ ಮೋಡೆಮಿನ ಲಾಗಿನ್ ಪುಟ ಮಾತ್ರ ಈಗಲೂ ಕಾಣುತ್ತದೆ. ಅದರ ಪಾಸ್‌ವರ್ಡ್ ಬದಲಿಸದಿದ್ದರೆ ಇಷ್ಟೆಲ್ಲ ಮಾಡಿಯೂ ಬಾಗಿಲಿಗೆ ಅಗಳಿ ಹಾಕದಂತಾಯಿತು.

ಇದರಿಂದ ಕೆಲವು ಅನಾನುಕೂಲಗಳು ಬರುತ್ತವೆ. ಮೊಬೈಲಿನಿಂದ ಟಿವಿಗೆ ಚಿತ್ರ ಹಾಕಬೇಕಾದರೆ, ವೈ-ಫೈ ಪ್ರಿಂಟರ್ ಬಳಸಬೇಕಾದರೆ ಎರಡೂ ಉಪಕರಣ ಒಂದೇ ಜಾಲದಲ್ಲಿರಬೇಕು. ಎರಡೆರಡು ನ್ಯಾಟ್ ದಾಟಬೇಕಾದಾಗ ಕೆಲವು ಗೇಮುಗಳು ತಕರಾರು ತೆಗೆಯುತ್ತವೆ. ನಮ್ಮ ಅನೇಕ ಕಂಪನಿಗಳು ಗ್ರಾಹಕರನ್ನು ತಮ್ಮದೇ ಒಂದು ನ್ಯಾಟ್‌ನ ಹಿಂದೆ ಇಡುವುದರಿಂದ ಒಟ್ಟು ಮೂರಾಗುವುದೂ ಉಂಟು. ಕಂಪನಿಯ ಸರ್ವರ್ ಮೂಲಕ ನಡೆಯುವ ಕ್ಯಾಮೆರಾ ಆ್ಯಪ್‌ಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಇದ್ದಲ್ಲಿ ಹೊಸ ರೂಟರು ಅದನ್ನು ‘ಪಾಸ್‌ಥ್ರೂ’ ಎಂದು ಹಾಗೆಯೇ ದಾಟಿಸುತ್ತಿಲ್ಲ ಎಂದು ಸೆಟ್ಟಿಂಗಿನಲ್ಲಿ ನೋಡಿಕೊಳ್ಳಬೇಕು; ಆ ದಾರಿಯಲ್ಲಿ ನ್ಯಾಟ್‌ನ ಗೋಡೆ ಇರುವುದಿಲ್ಲ.

ವೇಗವೂ ಹೆಚ್ಚುವುದಿಲ್ಲ. 100 ಎಂಬಿಪಿಎಸ್ ಪ್ಲ್ಯಾನ್ ಮೂವರಿಗೂ ಹಂಚಿಕೆಯಾಗುವ 100 ಮಾತ್ರ. ರೂಟರುಗಳು ಒಂದರ ಪಕ್ಕ ಒಂದು ಕೂತು ಒಂದೇ ಚಾನೆಲ್ ಬಳಸಿದರೆ ಸರದಿಗೆ ಕಾದು ಇನ್ನೂ ನಿಧಾನವಾಗುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ಮೂರು ರೂಟರಿಗೆ ಮೂರು. ಭಾರತದಲ್ಲಿ 2018ರಲ್ಲಿ ಪರವಾನಗಿಯಿಲ್ಲದ ಬಳಕೆಗೆ ವಿಶಾಲವಾಗಿ ತೆರೆದ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಹೆಚ್ಚು, ಆದರೆ ಅದು ಗೋಡೆ ದಾಟುವುದು ಕಡಿಮೆ.

ತಿಕೋಟಾ, ಬಬಲೇಶ್ವರ ಕಡೆಯ ತೋಟದ ವಸ್ತಿಗಳಲ್ಲಿ ಪ್ರಶ್ನೆ ಬೇರೆ. ಮನೆಯಿಂದ ದೂರದ ಒಣದ್ರಾಕ್ಷಿ ಶೆಡ್ಡಿಗೆ ಕ್ಯಾಮೆರಾ ಹಾಕಬೇಕೆಂದರೆ ಮಾಮೂಲಿ ತಾಮ್ರದ ಲ್ಯಾನ್ ಕೇಬಲಿನ ಮಿತಿ 100 ಮೀಟರ್. ಅದರೊಳಗಿದ್ದರೂ ಎರಡು ಕಟ್ಟಡಗಳ ನಡುವೆ ಬಯಲಲ್ಲಿ ತಾಮ್ರ ಎಳೆಯುವುದು ಬೇಡ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನಲ್ಲಿ ಎರಡೂ ತುದಿಯ ಉಪಕರಣ ಸುಡಬಹುದು. ಫೈಬರ್ ಎಳೆದು ತುದಿಗಳಿಗೆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕುವುದು ಕ್ಷೇಮ. ಶೆಡ್ಡಿನ ರೂಟರನ್ನು ವ್ಯಾನ್ ಮೂಲಕ ಸೇರಿಸಿದರೆ ಕ್ಯಾಮೆರಾಗಳ ಜಾಲ ತಾನಾಗಿ ಬೇರೆಯಾಗುತ್ತದೆ. ಮನೆಯವರ ರೂಟರ್ ಇನ್ನೊಂದು ಕವಲಿನಲ್ಲಿರಬೇಕು ಅಷ್ಟೆ. ಕರೆಂಟ್ ಹೋದಾಗ ಒಂದು ಡಬ್ಬಿಗೆ ಮಾತ್ರ 12 ವೋಲ್ಟಿನ ಪುಟ್ಟ ಯುಪಿಎಸ್ ಇದ್ದರೆ ಪ್ರಯೋಜನವಿಲ್ಲ, ದಾರಿಯಲ್ಲಿರುವ ಎಲ್ಲದಕ್ಕೂ ಬೇಕು.

ಬಂದುಹೋಗುವ ನೆಂಟರಿಗೆ ಮಾತ್ರ ವೈ-ಫೈ ಕೊಡಬೇಕಾದ ಮನೆಗೆ ಇಷ್ಟು ಸರಂಜಾಮು ಬೇಡ. ರೂಟರಿನಲ್ಲೇ ಇರುವ ಗೆಸ್ಟ್ ನೆಟ್‌ವರ್ಕ್ ಚಾಲೂ ಮಾಡಿ, ಒಳಗಿನ ಜಾಲಕ್ಕೆ ಪ್ರವೇಶ ಕೊಡುವ ಆಯ್ಕೆಯನ್ನು ಬಂದ್ ಮಾಡಿದರೆ ಸಾಕು. ಆದರೆ ಆ್ಯಕ್ಸೆಸ್ ಪಾಯಿಂಟ್ ಆಗಿ ಬಳಸುವ ಕೆಲವು ರೂಟರುಗಳಲ್ಲಿ ಈ ಪ್ರತ್ಯೇಕತೆ ಕೆಲಸ ಮಾಡುವುದಿಲ್ಲ. ವೀಲ್ಯಾನ್ ತಿಳಿಯುವ ಸ್ವಿಚ್ಚು, ಆ್ಯಕ್ಸೆಸ್ ಪಾಯಿಂಟುಗಳಿದ್ದರೆ ಒಂದೇ ಕೇಬಲಿನಲ್ಲಿ ಹತ್ತು ಜಾಲ ಓಡಿಸಬಹುದು. ಆಸ್ಪತ್ರೆ, ಲಾಡ್ಜ್‌ಗಳಿಗೆ ಅದು ಸರಿಯಾದ ದಾರಿ, ಸಾಧಾರಣ ಮನೆಗೆ ದುಬಾರಿ ತಲೆನೋವು.

ಜೋಡಣೆ ಮುಗಿದ ಮೇಲೆ ಪರೀಕ್ಷೆ ಸುಲಭ. ಮೊಬೈಲಿನ ಡೇಟಾ ಬಂದ್ ಮಾಡಿ, ಬಾಡಿಗೆದಾರರ ವೈ-ಫೈಗೆ ಸೇರಿ, ಬ್ರೌಸರಿನಲ್ಲಿ ಮಾಲೀಕರ ಡಿವಿಆರ್ ವಿಳಾಸ ಹಾಕಿ ನೋಡುವುದು. ಪುಟ ತೆರೆಯಬಾರದು. ಅದೇ ಹೊತ್ತಿಗೆ ಬೇರೆ ಜಾಲತಾಣಗಳು ತೆರೆಯಬೇಕು. ಬಳಿಕ ಮಾಲೀಕರ ಕಡೆಯಿಂದ ಇದನ್ನೇ ತಿರುಗಿಸಿ ನೋಡಬೇಕು. ಎರಡೂ ದಿಕ್ಕಿನಲ್ಲಿ ಮುಚ್ಚಿದ್ದರೆ ಮಾತ್ರ ಜಾಲ ಬೇರೆಯಾಗಿದೆ.

ಎಷ್ಟು ರೂಟರ್ ಹಾಕಿದರೂ ಬದಲಾಗದ ಒಂದು ಸಂಗತಿಯಿದೆ. ಹೊರಜಗತ್ತಿಗೆ ಆ ಮನೆ ಈಗಲೂ ಒಂದೇ ಸಂಪರ್ಕ, ಅದು ಬಿಲ್ ಕಟ್ಟುವವರ ಹೆಸರಿನಲ್ಲಿದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ನಿಮಿಷಗಳ ಮುಂಚೆ ಬಂದ ಬೆದರಿಕೆ ಇ-ಮೇಲಿನ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈಯ ಒಂದು ಫ್ಲ್ಯಾಟಿನಲ್ಲಿ. ಅಲ್ಲಿನ ವೈ-ಫೈಯನ್ನು ಬೇರೆಯವರು ಬಳಸಿದ್ದರು. ಬಾಡಿಗೆದಾರರ ಸಂಚಾರವೂ ಹೀಗೆ ಮಾಲೀಕರ ಲೆಕ್ಕಕ್ಕೇ ಬೀಳುತ್ತದೆ. ವರ್ಷಗಟ್ಟಲೆ ಇರುವ ಬಾಡಿಗೆದಾರರಾದರೆ ಅವರ ಹೆಸರಿನಲ್ಲೇ ಬೇರೆ ಫೈಬರ್ ಹಾಕಿಸುವುದು ಲೇಸು. ಮೂರು ರೂಟರಿನ ಜೋಡಣೆ ಒಂದೇ ಕುಟುಂಬದ ಮನೆ, ಅಂಗಡಿ, ಕ್ಯಾಮೆರಾಗಳಿಗೆ ಒಪ್ಪುತ್ತದೆ.