ತಾವರೆ ತೊಟ್ಟಿಯ ಕಪ್ಪು ಅತಿಥಿ

ಲೊಂಬಾರ್ಡಿನ ನಮ್ಮ ಮನೆಯ ಹಿತ್ತಲಲ್ಲಿ ತಾವರೆಯ ತೊಟ್ಟಿಯೊಂದಿದೆ. ಲೈಲಾಕ್ ಹೂಗಳಿಗೆ ಹೆಸರಾದ ಊರಿನಲ್ಲಿ ತಾವರೆ ಏಕೆಂದರೆ, ತೀರ್ಥಹಳ್ಳಿ ಸೀಮೆಯ ನಮ್ಮೂರ ಕೆರೆಯ ನೆನಪೇ ಉತ್ತರ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳ ಒಂದು ರಾತ್ರಿ, ಬಾಗಿಲ ದೀಪಕ್ಕೆ ಬಡಿದು ಬಿದ್ದ ಒಂದೂವರೆ ಅಂಗುಲದ ಕಪ್ಪು ಜೀರುಂಡೆಯನ್ನು ಪೊರಕೆಯಿಂದ ಗುಡಿಸಹೊರಟೆ. ಮಗಳು ತಡೆದು ಅದನ್ನು ತೊಟ್ಟಿಗೆ ಬಿಟ್ಟಳು. ಮೂರು ವಾರ ಅದು ಅಲ್ಲೇ ಉಳಿಯಿತು.

ನಾನು ಓದಿದ್ದು ಬಿ.ಎ.; ಮಗಳ ಪುಸ್ತಕದಿಂದ ಕಲಿತದ್ದನ್ನೇ ಹೇಳುತ್ತಿದ್ದೇನೆ. ಹೈಡ್ರೋಫಿಲಸ್ ಟ್ರಯಾಂಗ್ಯುಲಾರಿಸ್ ಎಂಬುದು ಇದರ ಶಾಸ್ತ್ರೀಯ ನಾಮ. ಕೊಳೆತ ಎಲೆ, ಪಾಚಿಗಳೇ ಮುಖ್ಯ ಆಹಾರ. ಉಸಿರಾಟವಂತೂ ಸೋಜಿಗ! ಇದರ ದೂರದ ಬಂಧುವಾದ ಡೈಟಿಸ್ಕಸ್ ಎಂಬ ಬೇಟೆಗಾರ ಜೀರುಂಡೆ ಹೊಟ್ಟೆಯ ತುದಿಯನ್ನು ನೀರಿನ ಮೇಲಕ್ಕೆ ಚಾಚಿ, ರೆಕ್ಕೆಯಡಿ ಗಾಳಿ ತುಂಬಿಕೊಳ್ಳುತ್ತದೆ. ನಮ್ಮ ಅತಿಥಿಯಾದರೋ ತಲೆಯನ್ನು ಮೇಲೆ ತಂದು, ಗದೆಯಂಥ ಗಿಡ್ಡ ಕುಡಿಮೀಸೆಯಿಂದ ನೀರಿನ ಪೊರೆಯನ್ನು ಸೀಳಿ ಗಾಳಿ ಎಳೆದುಕೊಳ್ಳುತ್ತದೆ. ಹೊಟ್ಟೆಯಡಿಯ ನವಿರು ರೋಮಗಳಲ್ಲಿ ಆ ಗಾಳಿ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಡೈಟಿಸ್ಕಸ್ ಹಿಂಗಾಲುಗಳನ್ನು ಹುಟ್ಟಿನಂತೆ ಒಟ್ಟಿಗೆ ಬೀಸಿದರೆ, ಇದು ಒಂದಾದ ಮೇಲೊಂದು ಕಾಲು ಹಾಕುತ್ತ ನೀರಿನಲ್ಲಿ ನಡೆದಾಡುವಂತೆ ತೋರುತ್ತದೆ. ತಾಯಿ ರೇಷ್ಮೆಯಂಥ ನೂಲಿನಿಂದ ಮೊಟ್ಟೆಗಳಿಗೆ ತೇಲುವ ಗೂಡು ಕಟ್ಟುತ್ತದೆ. ಅದಕ್ಕೊಂದು ಪುಟ್ಟ ಹಾಯಿಗಂಬವೂ ಉಂಟು. ಮರಿಗಳು ಮಾತ್ರ ಸಾಧುವಲ್ಲ, ನೀರಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ.

ನಾನು ಎಡವಿದ್ದು ಮುಂದಿನ ಸಂಗತಿಯಲ್ಲಿ. 2002ರಲ್ಲಿ ಇಲಿನಾಯ್ ರಾಜ್ಯದಲ್ಲಿ 884 ಮಂದಿ ವೆಸ್ಟ್ ನೈಲ್ ಕಾಯಿಲೆಗೆ ತುತ್ತಾಗಿದ್ದರು. ಆ ವರ್ಷ ಅಮೆರಿಕದ ಬೇರಾವ ರಾಜ್ಯದಲ್ಲೂ ಅಷ್ಟು ಪ್ರಕರಣಗಳಿರಲಿಲ್ಲ. ಆ ಭಯ ನನ್ನನ್ನು ಬಿಟ್ಟಿರಲಿಲ್ಲ. ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡೊಡನೆ, ಸೀಮೆಎಣ್ಣೆ ಸುರಿಯುವ ಊರಿನ ಹಳೆಯ ಉಪಾಯವನ್ನು ನೆನೆದು ಅಡುಗೆ ಎಣ್ಣೆ ಸುರಿದೆ. ಸೊಳ್ಳೆಮರಿಗಳು ಸತ್ತವು. ಮರುದಿನ ನಮ್ಮ ಅತಿಥಿಯೂ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಎಣ್ಣೆ ಅಂಟಿದ ರೋಮ ಗಾಳಿಯನ್ನು ಹಿಡಿದಿಡಲಾರದು. ಮಗಳು ಏನೂ ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು.

ಈಗ ತೊಟ್ಟಿಗೆ ಎಣ್ಣೆ ಸೋಕಿಸುವುದಿಲ್ಲ. ಸೊಳ್ಳೆಮರಿಗಳನ್ನು ಕೊಂದು ಜೀರುಂಡೆಗಳನ್ನು ಉಳಿಸುವ ಬಿ.ಟಿ.ಐ. ಬಿಲ್ಲೆ ಹಾಕುತ್ತೇನೆ, ಹೂಕುಂಡದ ತಟ್ಟೆಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲುತ್ತೇನೆ.

ನೀರುಜೀರುಂಡೆಗಳು ಕಪ್ಪು ಕಾರಿನ ಹೊಳಪನ್ನು ಕೊಳವೆಂದು ಭ್ರಮಿಸಿ ಇಳಿಯುವುದುಂಟು. ನೀರಿನ ಮೇಲಿನಿಂದ ಬರುವ ಬೆಳಕಿನಂತೆ ಅಲ್ಲಿಂದ ಬರುವ ಬೆಳಕೂ ಅಡ್ಡಲಾಗಿ ಧ್ರುವೀಕರಣಗೊಂಡಿರುತ್ತದೆಯಂತೆ. ಸಮ್ಮೇಳನಕ್ಕೆ ಬಂದವರು ರಾತ್ರಿಯೂಟ ಮುಗಿಸಿ ಕಾರಿನ ಬಳಿಗೆ ಹೋದಾಗ ಅಂಥದೊಂದು ಕಣ್ಣಿಗೆ ಬಿದ್ದರೆ, ಬೆನ್ನಿನ ಕಡೆಯಿಂದ ಮೆಲ್ಲನೆ ಹಿಡಿಯಿರಿ. ಎದೆಯಡಿ ಚೂಪಾದ ಮುಳ್ಳಿದೆ. ಹತ್ತಿರದ ಹೊಂಡಕ್ಕೆ ಬಿಟ್ಟುಬಿಡಿ.