ಗೋಲಿ ಸೋಡಾದ ಗುಳ್ಳೆ, ಗೋಡೆಯ ಸುಣ್ಣ

ಚೌತಿ ಹತ್ತಿರ ಬಂತೆಂದರೆ ಕುಮಟಾದ ನಮ್ಮ ಮನೆಯಲ್ಲಿ ಅಜ್ಜಿ ಚಿಪ್ಪಿಸುಣ್ಣ ಅರಳಿಸುತ್ತಿದ್ದಳು. ಚಿಪ್ಪಿಯನ್ನು ಗೂಡಿನಲ್ಲಿ ಸುಟ್ಟು ಮಾಡಿದ ಸುಣ್ಣ. ನೀರು ಬಿದ್ದೊಡನೆ ಕೊತಕೊತ ಕುದಿಯುತ್ತಿತ್ತು. ಪೇಟೆಗೆ ಹೋದರೆ ಗೋಲಿ ಸೋಡಾ. ಅಂಗಡಿಯವನು ಗೋಲಿ ಒತ್ತಿದಾಗ ಚುಂಯ್ ಎಂದು ಹಾರುವ ಗಾಳಿಗೂ ಆ ಸುಣ್ಣಕ್ಕೂ ನಂಟಿದೆಯೆಂದು ತಿಳಿದದ್ದು ಕಾಲೇಜಿನಲ್ಲಿ.

ಚಿಪ್ಪಿ, ಮೊಟ್ಟೆಯ ಸಿಪ್ಪೆ, ಯಾಣದ ಸುಣ್ಣಕಲ್ಲಿನ ಬಂಡೆ, ಇವುಗಳಲ್ಲೆಲ್ಲ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾದ 100 ಗ್ರಾಂ ಪೂರ್ತಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಗೋಡೆಗೆ ಬಳಿದ ಸುಣ್ಣ ಅದೇ ಅನಿಲವನ್ನು ಗಾಳಿಯಿಂದ ಮೆಲ್ಲಗೆ ಹೀರಿ ಮತ್ತೆ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸೋಜಿಗದ ಸಂಗತಿ ನನಗೆ ಸಿಕ್ಕಿಲ್ಲ.

ಸೋಡಾದಲ್ಲಿ ಆ ಅನಿಲವನ್ನೇ ಒತ್ತಡದಿಂದ ನೀರಿಗೆ ತುಂಬುತ್ತಾರೆ. ಸ್ವಲ್ಪ ಭಾಗ ಕಾರ್ಬಾನಿಕ್ ಆಮ್ಲವಾಗಿ ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ಗೋಲಿಯನ್ನು ಬಾಟಲಿಯ ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುವುದೂ ಒಳಗಿನ ಒತ್ತಡವೇ. 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಹಿರಾಮ್ ಕಾಡ್.

ಮೊಟ್ಟೆಯ ಸಿಪ್ಪೆಯ ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿ ನೋಡಿ. ಅಲ್ಲಿ ಏಳುವ ಗುಳ್ಳೆಯಲ್ಲಿರುವುದು ಸೋಡಾದ ಅನಿಲವೇ.