ಕರೆಂಟ್ ಎಷ್ಟು ಹರೀತೈತಿ?

ನಾವು ದಿನಾ "ಕರೆಂಟ್ ಬಂತು, ಕರೆಂಟ್ ಹೋತು" ಅಂತೀವಿ. ಎಷ್ಟು ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಪೈಪಿನಲ್ಲಿ ನೀರನ್ನು ನೂಕುವ ಒತ್ತಡವಿದ್ದಂತೆ ವೋಲ್ಟ್, ಹರಿಯುವ ನೀರಿನ ಪ್ರಮಾಣವಿದ್ದಂತೆ ಆಂಪಿಯರ್. ಫ್ರಾನ್ಸ್ ದೇಶದ ವಿಜ್ಞಾನಿ ಆಂಪಿಯರ್ (1775–1836) ಅವರ ಹೆಸರನ್ನೇ ಈ ಅಳತೆಗೆ ಇಟ್ಟಿದ್ದಾರೆ.

ಲೆಕ್ಕ ಸರಳ. ವ್ಯಾಟನ್ನು ವೋಲ್ಟಿನಿಂದ ಭಾಗಿಸಬೇಕು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 0.04 ಆಂಪಿಯರ್ ಸಾಕು. 1000 ವ್ಯಾಟಿನ ಇಸ್ತ್ರಿಗೆ 4.3 ಬೇಕು. ಅಂದರೆ ಒಂದು ಇಸ್ತ್ರಿ ನೂರಕ್ಕೂ ಹೆಚ್ಚು ಬಲ್ಬಿಗೆ ಸಮ! ನೀರು ಕಾಸುವ 1500 ವ್ಯಾಟಿನ ಕಾಯಿಲ್‌ಗೆ 6.5. ಎರಡನ್ನೂ ಒಮ್ಮೆಲೆ ಹಚ್ಚಿದರೆ 5 ಆಂಪಿಯರಿನ ಫ್ಯೂಜ್ ತಂತಿ ಕರಗಿ ಹೋಗುತ್ತದೆ. ಅದು ಕರಗಲೆಂದೇ ಇರುವುದು. ಕೆಲವರು "ಪದೇ ಪದೇ ಹೋಗ್ತೈತಿ" ಅಂತ ದಪ್ಪ ತಾಮ್ರದ ತಂತಿ ಸುತ್ತುತಾರ. ಆಗ ಫ್ಯೂಜ್ ಕರಗೂದಿಲ್ಲ, ಗೋಡೆಯೊಳಗಿನ ವೈರ್ ಸುಡುತ್ತದೆ. ಇದು ನನಗೆ ಬಹಳ ಅಂಜಿಕೆ ತರುವ ಮಾತು.

ಏನೂ ಮುಟ್ಟದೆ ಅಳೆಯಲು ಒಂದು ಉಪಾಯ ಐತಿ. ಮೀಟರಿನಲ್ಲಿ ಮಿನುಗುವ ಕೆಂಪು ದೀಪ ನೋಡಿರಿ. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೇ ಬರೆದಿರುತ್ತದೆ. ನಮ್ಮದರ ಮೇಲೆ 3200 ಅಂತ ಐತಿ. ಎರಡು ಫ್ಯಾನು, ಟಿ.ವಿ., ನಾಕು ಬಲ್ಬ್ ಹಚ್ಚಿದಾಗ ನಾನು ಎಣಿಸಿದೆ. ಒಂದು ನಿಮಿಷಕ್ಕೆ 16 ಸಲ. ತಾಸಿಗೆ 960. ಅದನ್ನು 3200ರಿಂದ ಭಾಗಿಸಿದರೆ 0.3 ಯೂನಿಟ್, ಅಂದರೆ 300 ವ್ಯಾಟ್. 230ರಿಂದ ಭಾಗಿಸಿದೆ: ಸುಮಾರು 1.3 ಆಂಪಿಯರ್. ಫ್ಯಾನಿನ ಮೋಟರ್ ಇರುವುದರಿಂದ ನಿಜವಾದದ್ದು ತುಸು ಹೆಚ್ಚೇ ಇರುತ್ತದೆ.

ಹೊಲದ ಮೋಟರಿಗೆ ಟಾಂಗ್ ಟೆಸ್ಟರ್ ಬೇಕು. ಅದು ಇಕ್ಕಳದಂತೆ ಬಾಯಿ ತೆರೆದು ತಂತಿಯನ್ನು ಸುತ್ತುವರಿಯುತ್ತದೆ, ತಂತಿ ಕತ್ತರಿಸಬೇಕಿಲ್ಲ. ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಕಂಡರು. ತಂತಿಯ ಸುತ್ತಲಿನ ಆ ಕಾಂತಶಕ್ತಿಯಿಂದಲೇ ಇದು ಅಳೆಯುತ್ತದೆ. ಮೋಟರ್ ಕಟ್ಟುವ ಕಾಕಾ ಹೇಳಿದರು: "ಒಂದ ತಂತಿ ಹಿಡೀಬೇಕು ತಮ್ಮಾ. ಹೋಗೂದು ಬರೂದು ಎರಡೂ ಕೂಡಿಸಿ ಹಿಡದ್ರ ಸೊನ್ನೆ ತೋರಸ್ತೈತಿ." ಒಂದು ಅತ್ತ, ಒಂದು ಇತ್ತ ಹರಿಯುವುದರಿಂದ ಎರಡರ ಕಾಂತಶಕ್ತಿ ವಜಾ ಆಗುತ್ತದೆ. ಥ್ರೀ ಫೇಜ್ ಮೋಟರಿನ ಮೂರೂ ತಂತಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಸೊನ್ನೆಗೆ ಬಂದು ಉಳಿದೆರಡು ಏರಿದರೆ ಒಂದು ಫೇಜ್ ಹೋಗಿದೆ ಎಂದರ್ಥ. ಕೂಡಲೇ ಬಂದ್ ಮಾಡದಿದ್ದರೆ ಮೋಟರ್ ಸುಟ್ಟು, ಬೆಳೆಗೆ ನೀರಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿ ಬರೀ 12 ವೋಲ್ಟ್. ಆದರೂ ಅದರ ಕೇಬಲ್ ಬೆರಳಿನಷ್ಟು ದಪ್ಪ, ಯಾಕ? ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚು ಬೇಕು. 55 ವ್ಯಾಟಿನ ಒಂದು ಹೆಡ್‌ಲೈಟಿಗೇ 4.6 ಆಂಪಿಯರ್. ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಹರಿಯುತ್ತದೆ, ಅದಕ್ಕೇ ಆಗ ಲೈಟು ಮಂಕಾಗುತ್ತದೆ. ಬ್ಯಾಟರಿಗೆ ಸಾದಾ ಟಾಂಗ್ ಟೆಸ್ಟರ್ ನಡೆಯುವುದಿಲ್ಲ, ಡಿ.ಸಿ. ಅಳೆಯುವಂಥದ್ದೇ ಬೇಕು.

ಬ್ಯಾಟರಿ ಮೇಲೆ 88 ಎ.ಎಚ್. ಅಂತ ಬರೆದಿದ್ದರೆ 88ನ್ನು ಎರಡು ಹೆಡ್‌ಲೈಟಿನ 9.2ರಿಂದ ಭಾಗಿಸಿರಿ. ಒಂಬತ್ತೂವರೆ ತಾಸು. ಸೆಲ್ಫ್ ಹೊಡೆಯುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಹೋಗಿರುತ್ತದೆ. ಕಬ್ಬಿನ ಟ್ರ್ಯಾಕ್ಟರಿಗೆ ದೊಡ್ಡ ಸೌಂಡ್ ಬಾಕ್ಸ್ ಕೂರಿಸಿ, ಇಂಜಿನ್ ಬಂದ್ ಮಾಡಿ, ಫ್ಯಾಕ್ಟರಿ ಮುಂದ ಪಾಳಿಗೆ ನಿಂತಾಗ ರಾತ್ರಿಯೆಲ್ಲಾ ಹಾಡು ಹಚ್ಚುವ ಅಣ್ಣಂದಿರು ಮುಂಜಾನೆ ಗಾಡಿ ನೂಕುವುದು ಇದೇ ಲೆಕ್ಕದಿಂದ.